ಮೈಲುತುತ್ತದ ಗೋಂದು

ಬಸ್ಸಿನ ಕಿಟಕಿಗೆ ಯಾರೋ ಅಂಟಿಸಿದ ಚೀಟಿಯ ಒಂದು ಮೂಲೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಅರ್ಧ ಹರಿದುಹೋಗಿದೆ, ಮಿಕ್ಕರ್ಧ ಗಾಜನ್ನು ಬಿಡಲೊಲ್ಲದು — ಥೂ, ಇವತ್ತೇ ಕಣ್ಣಿಗೆ ಬೀಳಬೇಕೇ ಇದು, ರುಬೀನಾಗೆ ನಗುವೂ ಬಂತು, ಹೆದರಿಕೆಯೂ ಬಂತು, ಬರಲಿ, ಸೀಟಂತೂ ಸಿಕ್ಕಿದೆ, ಎಂಡಿ ಮೇಲಿನ ಮೂರು ವರ್ಷದ ಓದು, ಕಿಡ್ನಿ ವಿಭಾಗದ ಡಿಎಂ, ಸಿಕ್ಕಿದೆ ಸಿಕ್ಕಿದೆ, ಬೆಳಿಗ್ಗೆ ತಾನು ಡಾಕ್ಟರಾಗಿರುವ ಕೋಟೆ ಆಸ್ಪತ್ರೆಯಲ್ಲಿ ಮೊಬೈಲ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟಳಲ್ಲ, ತೋರಿಸಿಕೊಳ್ಳಲು ಬಂದು ಎದುರಿಗೆ ಕೂತಿದ್ದ ಚಿಕ್ಕಬೀರಮ್ಮ ಗಾಬರಿಬಿದ್ದು ಏನಾಯ್ತವ್ವಾ ಚೇಳೇನಾರ ಕಡೀತಾ, ಇಲ್ಲಮ್ಮ, ಕಿಡ್ನಿ ಡಾಕ್ಟ್ರಾಗೋಕೆ ಸೀಟು ಸಿಕ್ತು, ಅಂಗಾರೆ ಬ್ಯಾಗ ಕಲ್ತು ಬಾ ಕಣವ್ವ, ನಮ್ಮೆಜಮಾನ್ರು ವಾರಕ್ಕೆರಡು ಸಲ ರಕ್ತ ತೊಳಿಸ್ಕೊಳ್ಳಾಕೆ ಮೈಸೂರಿಗೆ ಓಗಿ ಓಗಿ ಸುಸ್ತಾಗೋಗವ್ರೆ — ಬರ್ತೀನಮ್ಮ, ಖಂಡಿತ ಬರ್ತೀನಿ, ಆದರೆ ನಾಳೆ ಸಂಜೆ ಐದರೊಳಗೆ ಕಾಲೇಜಿಗೆ ಮುಟ್ಟಬೇಕು, ಎಂಡಿ ಮುಗಿದಿರಬೇಕು, ಮುಗಿದಿದೆ, ಮೆಡಿಕಲ್ ಕೌನ್ಸಿಲ್ಲಿನಲ್ಲಿ ನೋಂದಣಿ ಆಗಿರಬೇಕು, ಆಗಿದೆ, ಪರೀಕ್ಷೆಯ ಅಂಕ, ಇದೆ, ಎಂಡಿ ಪದವಿಯ ಮೂಲಪತ್ರ — ಒರಿಜಿನಲ್ಲೇ ಬೇಕು ಮೇಡಂ, ಹಿಂಬದಿಯ ಸೀಲೂ ನೋಡ್ತೀವಿ, ಅಂಟಿಸಿದ್ದು, ಲ್ಯಾಮಿನೇಷನ್ ಮಾಡ್ಸಿದ್ದು ತಂದ್ರೆ ಸೀಟು ಹೋಗುತ್ತೆ, ಫೋನಿನಲ್ಲಿ ಆ ಗುಮಾಸ್ತ ಎಷ್ಟು ಸಲೀಸಾಗಿ ಅಂದುಬಿಟ್ಟ, ಅವನಿಗೇನು ಗೊತ್ತು ಹುಣಸೂರಿನ ಅಬ್ದುಲ್ ಖಾದರ್, ಅವಳ ಅಬ್ಬಾ, ಪಟಕ್ಕೆ ಕಟ್ಟು ಹಾಕುವ ಬಗೆ.

ನಲವತ್ತು ವರ್ಷದಿಂದ ಅಬ್ಬಾ ಪಟಕ್ಕೆ ಕಟ್ಟು ಹಾಕುತ್ತಿದ್ದಾರೆ, ಚಾಮುಂಡಿ, ಮಕ್ಕಾ, ಮದುವೆ ಫೋಟೊ, ತೀರಿಕೊಂಡ ಅಜ್ಜಂದಿರು, ಎಲ್ಲರಿಗೂ ಒಂದೇ ಗೋಂದು, ಮೈದಾ ಕುದಿಸಿ, ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿ, ಡಬ್ಬಿಯಿಂದ ಕುಂಚ ಎತ್ತಿದರೆ ನೀಲಿ ನೀಲಿ ತೊಟ್ಟು, ಹಿಂಬದಿಯ ಹಲಗೆಯ ತುಂಬ ಬಳಿದು ಪಟವನ್ನು ಅಂಗೈಯಲ್ಲಿ ಒತ್ತಿದರೆ ಮುಗಿಯಿತು, ಗೋಂದಾಕ್ದಿದ್ರೆ ಮಳೆಗಾಲಕ್ಕೆ ಸುಕ್ಕಾಗ್ತದೆ ಕಣ್ರೀ, ಹರಿದ್ರೂ ಬಿಡ್ಕೂಡ್ದು — ಹೌದು ಅಬ್ಬಾ, ಬಿಡುವುದೇ ಇಲ್ಲ, ಅದೇ ಈಗ ಪ್ರಾಣಸಂಕಟ, ಬಕ್ರೀದಿಗೆ ಬಂದಾಗ ಎರಡು ದಿನ ಕೊಡು ಬೇಟಾ ಎಂದು ಪದವಿಪತ್ರ ಇಸಿದುಕೊಂಡರಲ್ಲ, ಅಂಗಡಿ ಗೋಡೆಯ ಮೇಲೆ ಗಾಜಿನೊಳಗೆ ಅದು ಮಿರಮಿರ ಮಿಂಚಿತಲ್ಲ, ಅದರ ಮುಂದೆ ನಿಂತು ಹಲ್ಲುಕಿರಿದು ಫೋಟೊ ತೆಗೆಸಿಕೊಂಡವಳೂ ನೀನೇ ಅಲ್ಲವೇನೆ ದಡ್ಡಿ, ಎಂಡಿ ಮಾಡಿದ ದಡ್ಡಿ! ಫೋನ್ ಎತ್ತುತ್ತಿಲ್ಲ, ಸುತ್ತಿಗೆ ಹಿಡಿದರೆ ಅವರು ಯಾವತ್ತೂ ಎತ್ತುವುದಿಲ್ಲ, ನೀರಲ್ಲಿ ನೆನೆಸಿದರೆ ಮೈದಾ ಬಿಟ್ಟೀತು, ಸೀಲೂ ಕರಗೀತು, ಆವಿ ಕೊಟ್ಟರೆ, ಬ್ಲೇಡು ಹಾಕಿದರೆ — ಹೊಗೆಸೊಪ್ಪು ಬೇಯುವ ವಾಸನೆ ಬಂತು, ಊರು ಬಂತು, ಇಳಿದಳು, ಅಂಗಡಿಯತ್ತ ಓಡಿದಳು, ಡಾಕ್ಟರಮ್ಮ ಓಡುತ್ತಿದ್ದಾಳೆಂದು ಸಂತೆಪೇಟೆ ನೋಡಿದರೆ ನೋಡಲಿ.

ಅಬ್ಬಾ, ಸೀಟು ಸಿಕ್ತು, ಅದನ್ನ ಬಿಚ್ಚಿ, ಈಗಲೇ ಬಿಚ್ಚಿ, ಉಸಿರು ಸಾಲದೆ ಒಂದೇ ಸಮನೆ ಹೇಳಿದಳು, ಅಬ್ಬಾ ಅವಳ ತಲೆಯ ಮೇಲೆ ಕೈಯಿಟ್ಟರು, ಪಟ ಇಳಿಸಿ ಬೋರಲು ಹಾಕಿದರು, ಇಕ್ಕಳದಲ್ಲಿ ಮೊಳೆ ಒಂದು, ಎರಡು, ಅವಳಿಗೆ ನೋಡಲಾಗಲಿಲ್ಲ, ಕಣ್ಣು ಮುಚ್ಚಿದರೆ ಅದೇ ಡಬ್ಬಿ, ಅದೇ ನೀಲಿ, ಆಮೇಲೆ ಬೆರಳಿಗೆ ಕಾಗದ ತಗುಲಿತು, ಸಡಿಲ, ಹೂವಿನಷ್ಟು ಸಡಿಲ, ಕುಂಚ ಎತ್ತಿದ್ದೆ ಬೇಟಾ, ಬಳಿಯೋಕೆ ಕೈ ಬರ್ಲಿಲ್ಲ, ನಿನ್ ಹೆಸ್ರಿತ್ತಲ್ಲ ಅದ್ರಲ್ಲಿ — ಕಣ್ಣು ಬಿಟ್ಟಳು, ಬೋಳು ಹಲಗೆ, ಅದರ ನಟ್ಟನಡುವೆ ಒಣಗಿಹೋದ ಒಂದೇ ಒಂದು ನೀಲಿ ತೊಟ್ಟು.