ಕೋಣೆ ನಂಬರ್ ೨೧೪ ಮತ್ತು ಅಧ್ಯಕ್ಷೆಯ ಸಹಿ

೧.
ಎಲ್ಲಿಂದ ಶುರು ಮಾಡಲಿ? “ಡ್ಯಾಗ್ನಿ ಟೊರ್ವಿಕ್ ಅವರು ಸಾಮಾನ್ಯ ಕುಟುಂಬದಲ್ಲಿ ಜನಿಸಿ...” ಬೇಡ. ಇದು ಸನ್ಮಾನಪತ್ರದ ದನಿ. ಓದುತ್ತಿದ್ದಂತೆ ನಿಮ್ಮ ಕೊರಳಿಗೂ ಒಂದು ಹಾರ ಬೀಳುತ್ತದೆ. ಹರಿದೆ.

೩.
(ಎರಡನೆಯದನ್ನೂ ಹರಿದೆ. ಅದರಲ್ಲಿ ಬರೀ ಹಿಮ ಬೀಳುತ್ತಿತ್ತು. ನಾರ್ತ್ ಡಕೋಟಾದಲ್ಲಿ ಹಿಮ ಬೀಳುವುದು ಒಂದು ಸುದ್ದಿಯೇ?)

ನೇರವಾಗಿ ಹೇಳಿಬಿಡುತ್ತೇನೆ. ಡ್ಯಾಗ್ನಿ ಹಣ್ಣುನೊಣಗಳ ವಿಜ್ಞಾನಿ. ಒಂಬತ್ತು ವರ್ಷದಿಂದ ನಮ್ಮ ವಿಶ್ವವಿದ್ಯಾಲಯದ ಅಧ್ಯಕ್ಷೆ. ಐದು ವರ್ಷ ಒಂದೂ ಸಂಶೋಧನಾ ಪ್ರಬಂಧ ಪ್ರಕಟಿಸದ ಕೋಣೆಯನ್ನು ಬೇರೆಯವರಿಗೆ ಕೊಡತಕ್ಕದ್ದು ಎಂಬ ನಿಯಮ ತಂದವಳೂ ಅವಳೇ. ಇವತ್ತು ಸಹಿಗೆ ಬಂದ ಕಾಗದದಲ್ಲಿ ಒಂದೇ ಕೋಣೆ: ೨೧೪. ಅವಳ ಸ್ವಂತ ಲ್ಯಾಬ್. ಸಹಿ ಬಿದ್ದರೆ ಇಪ್ಪತ್ತಾರು ವರ್ಷ ಸಾಕಿದ ನೊಣಗಳ ವಂಶ ಬೀದಿಗೆ. ಬೀದಿಯಲ್ಲಿ ಮೈನಸ್ ಇಪ್ಪತ್ತು ಡಿಗ್ರಿ ಚಳಿ.

೪.
ಲ್ಯಾಬ್ ಸಹಾಯಕಿ ಲೊರೆಟ್ಟಾ ನೊಣದ ಸೀಸೆಗಳ ಬಾಯಿಗೆ ಹತ್ತಿ ತುರುಕುತ್ತಿದ್ದಳು.

“ಏನಮ್ಮಾ ಪ್ರೆಸಿಡೆಂಟೇ, ನಿಯಮ ಮಾಡೋವಾಗ ನಿನ್ನ ಕೋಣೆ ನಂಬರ್ ಮರೆತೋಗಿತ್ತಾ?”

“ಮುಂದಿನ ವರ್ಷ ಪ್ರಬಂಧ ಬರೀತೀನಿ ಅಂದ್ಕೊಂಡಿದ್ದೆ ಕಣೇ.”

“ಹೌದೌದು. ಐದು ಸಲ ಅಂದ್ಕೊಂಡೆ.”

ಮುಕ್ತಾಯ ಒಂದು: ಅಧ್ಯಕ್ಷೆ ನಿಯಮವನ್ನೇ ರದ್ದು ಮಾಡುತ್ತಾಳೆ. ಚಪ್ಪಾಳೆ.

“ರೀ ಕತೆಗಾರರೇ,” ಡ್ಯಾಗ್ನಿ ನನ್ನತ್ತ ತಿರುಗಿದಳು. “ಹನ್ನೊಂದು ಜನರ ಲ್ಯಾಬ್ ಕಿತ್ಕೊಂಡಿದೀನಿ. ನಂದು ಬಂದಾಗ ರದ್ದು ಅಂದ್ರೆ ಅವರೆದುರು ಮುಖ ಎಲ್ಲಿಡ್ಲಿ?”

ಮುಕ್ತಾಯ ಎರಡು: ಕಣ್ಣೀರಿಡುತ್ತಾ ಸಹಿ.

“ಆ ಕಣ್ಣೀರು ನೀವೇ ಇಟ್ಕೊಳ್ಳಿ. ಅಲ್ರೀ, ಒಂದೊಂದೇ ಸಲ ಬರೆದು ಇದೇ ಕೊನೆ ಅಂದ್ರೆ ಹೇಗೆ? ಮತ್ತೆ ಬರೆದ್ರೂ ಇದೇ ಬರುತ್ತಾ ನೋಡಿ.”

(ವಿಜ್ಞಾನಿಯನ್ನು ನಾಯಕಿ ಮಾಡಿಕೊಂಡವನ ಪಾಡು ಇಷ್ಟೇ.)

೫.
ಮತ್ತೆ ಬರೆದೆ. ಬೇರೆಯೇ ಬಂತು. ಡ್ಯಾಗ್ನಿ ಒಣಗಣ್ಣಿನಲ್ಲೇ ಸಹಿ ಹಾಕಿದಳು. ಆಮೇಲೆ ತನ್ನ ನಿಯಮವನ್ನು ಇನ್ನೊಮ್ಮೆ ಓದಿ ನಗತೊಡಗಿದಳು.

“ಲೊರೆಟ್ಟಾ, ಒಂಬತ್ತು ವರ್ಷದಿಂದ ಒಂದು ಪ್ರಬಂಧಾನೂ ಹುಟ್ಟದ ಕೋಣೆ ಇನ್ನೊಂದಿದೆ. ದೊಡ್ಡದು. ಬೆಚ್ಚಗೂ ಇದೆ.”

“ಯಾರ್ದೇ ಅದು?”

“ಅಧ್ಯಕ್ಷರ ಕಚೇರಿ.”

ಲೊರೆಟ್ಟಾ ಹತ್ತಿ ಕೆಳಗಿಟ್ಟಳು. “ದಾನಿಗಳು ಬಂದಾಗ ವೈನ್‌ನಲ್ಲಿ ನೊಣ ಈಜ್ತವೆ ಕಣೇ.”

“ಈಜ್ಲಿ ಬಿಡು. ಒಂಬತ್ತು ವರ್ಷ ಅಲ್ಲಿ ನಾನೂ ಅದನ್ನೇ ಮಾಡಿದ್ದು.”

“ನಿನ್ನ ಮೇಜು?”

“ಕಾರಿಡಾರ್‌ಗೆ ಹಾಕು. ಜನಕ್ಕೂ ನಾನು ಸಿಕ್ಕಿದಂಗಾಗುತ್ತೆ.”

೬.
ಟ್ರಸ್ಟಿಗಳು ಒಪ್ಪಿದರೇ, ಕುರ್ಚಿ ಉಳಿಯಿತೇ, ಪ್ರಬಂಧ ಬಂತೇ, ಎಲ್ಲವನ್ನೂ ಬರೆಯೋಣವೆಂದು ಪೆನ್ನು ತೆಗೆದೆ.

“ಏನ್ ನೋಡ್ತಾ ನಿಂತಿದೀರಾ? ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ,” ಎಂದು ಲೊರೆಟ್ಟಾ ನನಗೆ ನೊಣದ ಸೀಸೆಗಳ ಎರಡು ಟ್ರೇ ಹೊರಿಸಿದಳು.

ಈಗ ಮುಕ್ತಾಯ ಬರೆಯಲು ಕೈ ಖಾಲಿಯಿಲ್ಲ. ಓದುಗರೇ, ಸ್ವಲ್ಪ ಅಧ್ಯಕ್ಷರ ಕಚೇರಿಯ ಆ ಬಾಗಿಲು ತೆಗೆದು ಹಿಡಿಯುತ್ತೀರಾ? ಹಿಂದೆ ಇನ್ನೂ ನಲವತ್ತು ಟ್ರೇ ಬರುತ್ತಿವೆ.