ಹನ್ನೆರಡು ಬೆರಳಿನ ಗುಡದಪ್ಪ

ದುರಗಪ್ಪ ತನ್ನ ಅಣ್ಣನ ಕಾಲಿಗೆ ದಾರ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಸತ್ತವರ ಎರಡೂ ಕಾಲಿನ ಹೆಬ್ಬೆರಳು ಕೂಡಿಸಿ ಕಟ್ಟುವುದೇನು ದೊಡ್ಡ ವಿದ್ಯೆಯಲ್ಲ. ಆದರೆ ಗುಡದಪ್ಪನಿಗೆ ಒಂದೊಂದು ಕಾಲಿಗೂ ಎರಡೆರಡು ಹೆಬ್ಬೆರಳು. ಬದುಕಿದ್ದಾಗ ಸುಮ್ಮನಿರದ ಮನುಷ್ಯ, ಸತ್ತ ಮೇಲೂ ತಮ್ಮನನ್ನು ಆಟ ಆಡಿಸುತ್ತಿದ್ದ.

"ಒಳಗಿಂದು ಕಟ್ಟಬೇಕೋ, ಹೊರಗಿಂದೋ?"

"ದೊಡ್ಡದು ನೋಡಿ ಕಟ್ಟಪಾ," ಎಂದ ಬುಡನಸಾಬ. ಬ್ಯಾಡಗಿ ಮಾರುಕಟ್ಟೆಯಲ್ಲಿ ಗುಡದಪ್ಪನ ಜೋಡಿ ಹಮಾಲಿ ಮಾಡಿದವನು.

"ಎರಡೂ ಒಂದ ಅಳತಿ ಅದಾವಲ್ಲೋ ಮಾರಾಯಾ!"

ಗುಡದಪ್ಪನ ಒಬ್ಬಳೇ ಮಗಳು ದೀಪಿಕಾ ಕಣ್ಣೊರೆಸಿಕೊಂಡಳು. ಹಾವೇರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗಿ. "ಎರಡೂ ಹೆಬ್ಬೆರಳ, ಕಾಕಾ. ನಾಕೂ ಕೂಡಿಸಿ ಕಟ್ಟು."

ದುರಗಪ್ಪ ಕಟ್ಟಿದ. ಕಟ್ಟಿದವನೇ ಅದರ ಮೇಲೆ ಧೋತರ ಎಳೆದು ಮುಚ್ಚಿದ. ಆಮೇಲೆ ಅವಳನ್ನು ಬದಿಗೆ ಕರೆದು ದನಿ ತಗ್ಗಿಸಿದ. "ರಾಣೆಬೆನ್ನೂರಿಂದ ಬೀಗರು ಬರಾಕತ್ತಾರ. ಲಗೂ ಸಾಕ್ಸ್ ಹಾಕ್ಕೊಂಡು ಒಳಗ ಕುಂದ್ರು. ನಿಮ್ಮಪ್ಪಗ ನೀರು ನನ್ನ ಮಗಳು ಅರುಣಾ ಹಾಕ್ತಾಳ."

ದೀಪಿಕಾಳ ಬಲಗಾಲಿಗೂ ಆರು ಬೆರಳು. ಮೈಲೇಶನ ಜೊತೆ ಮದುವೆ ನಿಶ್ಚಯವಾಗಿ ಎರಡು ತಿಂಗಳಾಗಿತ್ತು. ಆ ಮನೆಯವರಿಗೆ ಇದು ಗೊತ್ತಿರಲಿಲ್ಲ. ಅಂಗಳದಲ್ಲಿ ಬರಿಗಾಲಲ್ಲಿ ನೀರು ಹೊತ್ತರೆ ಎಲ್ಲರಿಗೂ ಕಾಣುತ್ತದೆ. ಹೊರದಿದ್ದರೆ ಅಪ್ಪನಿಗೆ ಕಡೆಯ ನೀರು ಹಾಕುವ ಭಾಗ್ಯ ಮತ್ತೆ ಸಿಗುವುದಿಲ್ಲ.

*

ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವಾಗ ಒಬ್ಬ ಹಮಾಲ ಚೀಲದೊಳಗೆ ಇಳಿದು ತುಳಿಯಬೇಕು. ಜೋರಾಗಿ ತುಳಿದರೆ ಕಾಯಿ ಮುರಿಯುತ್ತದೆ, ಮೆತ್ತಗೆ ತುಳಿದರೆ ಚೀಲ ಸಡಿಲ. ಗುಡದಪ್ಪ ತುಳಿದ ಚೀಲದಲ್ಲಿ ಕಾಯಿ ಇದ್ದ ಹಾಗೇ ಇರುತ್ತಿತ್ತು. ಅದಕ್ಕೆ ತನ್ನ ಕಾಲೇ ಕಾರಣವೆಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಚಹಾದ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಬೆಂಚಿನ ಮೇಲೆ ಕಾಲಿಟ್ಟು ತೋರಿಸುತ್ತಿದ್ದ.

ಒಂದು ಭಾನುವಾರ ಮಗಳು ಅದೇ ಕಾಲಿಗೆ ಎಣ್ಣೆ ತಿಕ್ಕುತ್ತ ಪಾಠ ಹೇಳಿದಳು. "ಹೊಟ್ಯಾಗಿದ್ದಾಗ ಕಾಲು ಮೊದಲ ಚಪ್ಪಟೆ ಸೌಟಿನಂಗ ಇರತೈತಪ್ಪ. ಕಿರುಬೆರಳಿನ ಕಡಿಯಿಂದ ಒಂದು ಸುದ್ದಿ ಹೊಂಡತೈತಿ, ಇಲ್ಲಿ ಇಂಥಾ ಬೆರಳು ಮೂಡಲಿ ಅಂತ. ನಡುವಿನ ಮಾಂಸ ಕರಗಿ ಬೆರಳು ಬ್ಯಾರೆ ಆಗತಾವ. ನಿನಗ ಹೆಬ್ಬೆರಳಿನ ಕಡಿಯಿಂದನೂ ಸುದ್ದಿ ಹೊಂಟೈತಿ."

"ಹಂಗಾರ ಎತ್ತಿಗೆ ಎಷ್ಟು ಬೆರಳು?"

"ಎತ್ತು ಎರಡರ ಮ್ಯಾಲ ನಿಲ್ಲತೈತಿ. ಗೊರಸಿನ ಹಿಂದ ಮ್ಯಾಲ ಎರಡು ಸಣ್ಣವು ಜೋತಾಡತಾವಲ್ಲ, ಅವೂ ಬೆರಳ. ಕುದುರಿ ಬರೀ ನಡುಬೆರಳಿನ ಮ್ಯಾಲ ಓಡತೈತಿ, ಉಳಿದವು ಕೋಟ್ಯಂತರ ವರ್ಷದಾಗ ಸವದು ಹೋದವು. ಅದಕ್ಕೂ ಮೊದಲು, ನೀರಾಗ ಕಾಲು ಮೂಡಿದ ಪ್ರಾಣಿಗೆ ಎಂಟೆಂಟು ಬೆರಳಿದ್ದವು."

ಗುಡದಪ್ಪ ಎದ್ದು ಕೂತ. "ಎಂಟು! ಹಂಗಾರ ಐದು ಬೆರಳಿನಾವ್ರು ನಿನ್ನೆ ಮೊನ್ನೆ ಬಂದಾವ್ರು. ನಾವು ಹಳೇ ಮನಿತನ!"

"ಹಂಗಲ್ಲಪ್ಪ..."

ಅವಳು ಹೇಳಿ ಮುಗಿಸುವಷ್ಟರಲ್ಲಿ ಅವನು ಬುಡನಸಾಬನ ಮನೆಯ ದಾರಿ ಹಿಡಿದಿದ್ದ.

ಅಂಥ ಮನುಷ್ಯ ಮಗಳ ನಿಶ್ಚಯದ ದಿನ ಬೂಟು ಹಾಕಿಕೊಂಡ. ದುರಗಪ್ಪ ತಂದುಕೊಟ್ಟಿದ್ದು. ಅಪ್ಪನ ಕಾಲು ಕಂಡರೆ ಮಗಳ ಕಾಲಿನ ಮೇಲೆ ಸಂಶಯ ಬರುತ್ತದೆ ಎಂಬ ಲೆಕ್ಕ. ಅಗಲವಾದ ಪಾದ ಬೂಟಿನೊಳಗೆ ಹಿಡಿಯದೆ ಗುಡದಪ್ಪ ಸಂಜೆಯವರೆಗೂ ಕುಂಟಿದ. ರಾತ್ರಿ ಬೆರಳಿನ ಬೊಬ್ಬೆಗೆ ಅರಿಸಿನ ಹಚ್ಚುವಾಗ ದೀಪಿಕಾಳಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

*

ಬೀಗರ ಕಾರು ಓಣಿಯ ಬಾಯಲ್ಲಿ ನಿಂತಿತು. ಮೈಲೇಶ ಇಳಿದ, ಅವನ ತಾಯಿ ಮಂಗಳವ್ವ ಇಳಿದಳು. ಹೆಣವನ್ನು ಅಂಗಳಕ್ಕೆ ತಂದು ಹಲಗೆಯ ಮೇಲೆ ಮಲಗಿಸಿದ್ದರು. ಹಿತ್ತಲಲ್ಲಿ ನೀರು ಕಾಯುತ್ತಿತ್ತು. ಅರುಣಾ ಕೊಡ ಎತ್ತಿಕೊಂಡಳು.

"ಅದನ್ನ ಇಲ್ಲಿ ಕೊಡು," ಎಂದು ದೀಪಿಕಾ ಹಿತ್ತಲ ಬಾಗಿಲಿಗೆ ಬಂದಳು.

ದುರಗಪ್ಪ ಗಾಬರಿಯಾದ. "ಹುಚ್ಚಿ, ನಿನ್ನ ಬಾಳೇವು..."

ಮೂಲೆಯಲ್ಲಿ ಅಳುತ್ತ ಕೂತಿದ್ದ ಗುಡದಪ್ಪನ ಹೆಂಡತಿ ಬೀರವ್ವ ತಲೆಯೆತ್ತಿದಳು. "ಬಿಡು ಮೈದುನ. ಅಕಿ ಅವರ ಮಗಳು."

ದೀಪಿಕಾ ಸಾಕ್ಸ್ ಕಿತ್ತು ಒಲೆಗೆ ಹಾಕಿದಳು. ಸೀರೆ ಎತ್ತಿ ಕಟ್ಟಿ, ಕೊಡ ಸೊಂಟಕ್ಕೇರಿಸಿ ಅಂಗಳಕ್ಕೆ ನಡೆದಳು. ಅಪ್ಪನ ಕಾಲಿನ ಮೇಲಿನ ಧೋತರ ಸರಿಸಿದಳು. ಕಟ್ಟಿದ್ದ ನಾಲ್ಕೂ ಹೆಬ್ಬೆರಳು ಎಲ್ಲರೆದುರಿಗೆ ಕಂಡವು. ನೀರು ಸುರಿದು, ಒಂದೊಂದು ಬೆರಳನ್ನೂ ಉಜ್ಜಿ ತೊಳೆದಳು. ತೊಳೆಯುವಾಗ ಅವಳಿಗೆ ಅಳುವಿಗಿಂತ ಹೆಚ್ಚಾಗಿ ಹೆಮ್ಮೆಯೇ ಉಕ್ಕಿತು.

ಇನ್ನೊಂದು ಕೊಡಕ್ಕೆಂದು ಹಿತ್ತಲಿಗೆ ಹೋದಳು. ಒದ್ದೆ ಹೆಜ್ಜೆಗಳು ಕಲ್ಲುಹಾಸಿನ ಮೇಲೆ ಸಾಲಾಗಿ ಉಳಿದವು. ಎಡಗಾಲಿನದು ಐದು, ಬಲಗಾಲಿನದು ಆರು. ಮಂಗಳವ್ವ ಬಗ್ಗಿ ನೋಡಿದಳು. ದುರಗಪ್ಪ ಉಸಿರು ಬಿಗಿಹಿಡಿದ.

ಮೈಲೇಶ ಏನೋ ಕೇಳಲು ತಾಯಿಯ ಕಡೆ ಒಂದು ಹೆಜ್ಜೆ ಮುಂದಿಟ್ಟ. ಮಂಗಳವ್ವ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಸರದು ನಿಂದ್ರೋ. ನನ್ನ ಸೊಸಿ ನೀರು ತರಾಕತ್ತಾಳ, ದಾರಿ ಬಿಡು."

ಕಲ್ಲಿನ ಮೇಲಿನ ಆರು ಬೆರಳು ಬಿಸಿಲಿಗೆ ಆರುತ್ತಿದ್ದವು. ದೀಪಿಕಾ ತುಂಬಿದ ಕೊಡದೊಂದಿಗೆ ಬಂದು ಅವುಗಳ ಪಕ್ಕದಲ್ಲೇ ಹೊಸದಾಗಿ ಆರು ಮೂಡಿಸಿದಳು.