ಬೆನ್ನ ಹಿಂದಿನ ಬೆರಳುಗಳು

ಶವದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲಿನವರು ತಳ್ಳಿದರು, ಕೆಳಗಿನವರು ಎಳೆದರು. ಗೋಡೆಯ ಸುಣ್ಣ ಉದುರಿತೇ ಹೊರತು ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

"ಊರಿಗೆಲ್ಲ ಲಿಫ್ಟ್ ಕೂರಿಸ್ತೀಯ. ಹೆತ್ತಪ್ಪನ್ನ ಮಾತ್ರ ಮೆಟ್ಟಿಲ ಮೇಲೆ ಎಳೆದಾಡಿಸ್ತೀಯ," ಎಂದಳು ಸೋದರತ್ತೆ, ಮನೆಯ ಬಾಗಿಲಿಗೆ ಒರಗಿಕೊಂಡು.

ಮಗ ಲಿಫ್ಟ್ ಮೆಕ್ಯಾನಿಕ್. ಅವನು ಎಲ್ಲರಿಗಿಂತ ಹಿಂದೆ, ಬರಿಗೈಯಲ್ಲಿ ನಿಂತಿದ್ದ. ಪೆಟ್ಟಿಗೆ ಹಿಡಿದ ಕೈಗಳೆಲ್ಲ ಅಪ್ಪನ ಹಳೆಯ ಫುಟ್‌ಬಾಲ್ ಹುಡುಗರವು. ಈಗ ಅವರಿಗೆ ಹೊಟ್ಟೆ ಬಂದಿತ್ತು, ತಲೆ ನರೆತಿತ್ತು. ಅವರ ಮುಂದಾಳಿನದು ಟೈರ್ ಅಂಗಡಿ. ಹನ್ನೆರಡನೆಯ ವಯಸ್ಸಿಗೆ ಅಂಟಿದ 'ಕಪ್ತಾನ' ಎಂಬ ಹೆಸರು ಇನ್ನೂ ಬಿಟ್ಟಿರಲಿಲ್ಲ.

ಬೆಳಗ್ಗೆ ಪೆಟ್ಟಿಗೆಯ ಮುಂದಿನ ಹಿಡಿಗೆ ಮಗ ಕೈ ಹಾಕಿದಾಗ ಕಪ್ತಾನ ಆ ಕೈಯನ್ನು ಮೆಲ್ಲಗೆ, ಎಲ್ಲರಿಗೂ ಕಾಣುವಷ್ಟು ಮೆಲ್ಲಗೆ, ತೆಗೆದುಹಾಕಿದ್ದ.

"ನೋಡಪ್ಪ, ಕೋಚ್ ಮಲಗಿದ್ದಾಗ ಮೈ ಒರೆಸಿದೋರು ನಾವು. ನಿಮ್ಮಮ್ಮ ಹೋದ ಮೇಲೆ ಈ ಹೊಸಿಲು ತುಳಿದಿದೀಯಾ ನೀನು? ಹೆಗಲು ಕೊಡೋಕೆ ನಾವಿದೀವಿ. ಬೇಕಾದ್ರೆ ಹಿಂದೆ ಬಾ."

ಮಗನಿಗೆ ಬೇಕಾಗಿದ್ದದ್ದು ಆ ಹಿಡಿಯೊಂದೇ. ಆದರೆ ಅವನು ಕೇಳಲಿಲ್ಲ. ಬಾಯಿಬಿಟ್ಟು ಕೇಳುವುದು ಆ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಕೆಳಗಿನ ಮನೆಯವನು ಬಾಗಿಲಿಂದ ತಲೆ ಹೊರಗೆ ಹಾಕಿ ಪಕ್ಕದವನಿಗೆ ಸತ್ತವನ ಲೆಕ್ಕ ಒಪ್ಪಿಸುತ್ತಿದ್ದ. ಬೆಳಗ್ಗೆ ಮನೆಮನೆಯ ನೀರಿನ ಮೀಟರ್ ಓದುವುದು, ಸಂಜೆ ಕಂಡವರ ಮಕ್ಕಳನ್ನು ಮಣ್ಣಲ್ಲಿ ಉರುಳಿಸುವುದು, ಇಷ್ಟರಲ್ಲೇ ಮುಗಿಯಿತಂತೆ ಮನುಷ್ಯನ ಆಯುಸ್ಸು. ಒಂದು ಕಪ್ಪೂ ಗೆಲ್ಲಲಿಲ್ಲವಂತೆ.

"ಸತ್ತೋರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ," ಎಂದು ಅವನು ದನಿ ತಗ್ಗಿಸದೆಯೇ ಹೇಳಿದ. "ಆದ್ರೆ ನಮ್ಮ ಕಿಟಕಿ ಗಾಜು ಕೊನೆಗೂ ಹಾಕಿಸಿಕೊಡಲಿಲ್ಲ."

*

ಗೋಲು ಹೊಡೆಯುವುದು ಅಪ್ಪನ ಕಣ್ಣಿಗೆ ಅಂಥ ದೊಡ್ಡ ಸಂಗತಿಯಾಗಿರಲಿಲ್ಲ. ಅವನ ಪ್ರಾಣವೆಲ್ಲ ಪಾಸ್ ತಗೊಳ್ಳುವುದರಲ್ಲಿತ್ತು. ಬರುವ ಚೆಂಡಿಗೆ ಎದೆಯೊಡ್ಡಿ ನಿಂತರೆ ಹಿಂದಿನ ಅರ್ಧ ಮೈದಾನ ಸತ್ತ ಹಾಗೆ. ಓರೆಯಾಗಿ ನಿಲ್ಲು, ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡು, ಚೆಂಡನ್ನು ಹಿಂದಿನ, ದೂರದ ಕಾಲಿಗೆ ಬರಗೊಡು. ವರ್ಷವಿಡೀ ಇದೊಂದೇ ಪಾಠ.

ಪರೀಕ್ಷೆಯೂ ಒಂದೇ. ಅಪ್ಪ ಹುಡುಗನ ಬೆನ್ನ ಹಿಂದೆ ನಿಂತು ಸದ್ದಿಲ್ಲದೆ ಬೆರಳೆತ್ತುತ್ತಿದ್ದ. ಚೆಂಡು ಕಾಲಿಗೆ ತಾಕುವ ಮೊದಲು ಎಷ್ಟು ಬೆರಳೆಂದು ಹುಡುಗ ಕೂಗಬೇಕು. ಕೂಗದವನ ಬೆನ್ನಿಗೆ ಅಂಗೈಯ ನೂಕು. ಬಾಯಿ ತುಂಬ ಮಣ್ಣು.

ಸರಿಯಾಗಿ ಕೂಗಿದವನಿಗೆ "ಭಲೆ." ಕಪ್ತಾನನಿಗೆ ಭಲೆಯ ಮೇಲೆ ಭಲೆ. ಮಗ ಸರಿಯಾಗಿ ಕೂಗಿದರೆ ಮಾತ್ರ ಅಪ್ಪ ಅವನ ತಲೆಯ ಮೇಲಿಂದ ಸಾಲಿನತ್ತ ನೋಡಿ, "ಮುಂದಿನವನು," ಅನ್ನುತ್ತಿದ್ದ.

ಒಂದು ಬೇಸಿಗೆಯೆಲ್ಲ ಮಗ ಕೂಗಿದ. ಆಮೇಲೆ ಕೂಗುವುದನ್ನು ನಿಲ್ಲಿಸಿದ. ನೋಡುವುದನ್ನು ನಿಲ್ಲಿಸಲಿಲ್ಲ. ಎರಡು, ನಾಲ್ಕು, ಮಡಿಸಿದ ಹೆಬ್ಬೆರಳು, ಎಲ್ಲ ಕಾಣುತ್ತಿತ್ತು. ಎಣಿಸಿ, ನುಂಗಿಕೊಂಡು, ನೂಕಿಗೆ ಕಾದು ಬೀಳುತ್ತಿದ್ದ.

"ಇವನು ನೋಡೋದೇ ಇಲ್ಲ," ಎಂದು ಅಪ್ಪ ಒಂದು ಸಂಜೆ ಎಲ್ಲರೆದುರು ಹೇಳಿದ. "ಬೆನ್ನಿಗೆ ಕಣ್ಣಿಲ್ಲದೋನು ನನ್ನ ತಂಡಕ್ಕೆ ಬೇಡ. ಅಂಗಿ ಬಿಚ್ಚು."

ಆ ಅಂಗಿಯನ್ನು ಅಲ್ಲೇ ತೊಟ್ಟುಕೊಂಡವನು ಕಪ್ತಾನ. ಅಪ್ಪ-ಮಗ ಮನೆಯವರೆಗೂ ಒಟ್ಟಿಗೆ ನಡೆದರು. ನನಗೆ ಕಾಣುತ್ತಿತ್ತು ಎಂದು ಮಗ ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಅಂದಿನಿಂದ ಅವರ ಮಾತು ಅಮ್ಮನ ಮೂಲಕ ನಡೆಯಿತು. ಅಮ್ಮ ಹೋದಳು, ಮಾತೂ ಹೋಯಿತು.

*

"ಕೈ ಸೋತುಹೋಯ್ತು ಕಣ್ರೋ," ಎಂದ ಮೇಲಿನ ತುದಿ ಹಿಡಿದಿದ್ದ ಬಸ್ ಡ್ರೈವರ್.

ಕೆಳಗಿನ ತುದಿಯಲ್ಲಿ ಕಪ್ತಾನನೂ ಇನ್ನೊಬ್ಬನೂ ಪೆಟ್ಟಿಗೆಗೆ ಎದೆಯೊಡ್ಡಿ, ಹಿಮ್ಮುಖವಾಗಿ, ತಿರುವನ್ನೆಲ್ಲ ಹೊಟ್ಟೆಯಿಂದ ತುಂಬಿಸಿ ನಿಂತಿದ್ದರು. ಹಾಗೆ ನಿಂತರೆ ಪೆಟ್ಟಿಗೆ ಹೊರಳುವುದಕ್ಕೆ ಎಡೆಯೆಲ್ಲಿ?

ಮಗ ಮೆಟ್ಟಿಲ ಕಂಬಿ ದಾಟಿ ಮೂಲೆಗೆ ಇಳಿದ. "ಮೂಲೆಗೆ ಒಬ್ಬ ಸಾಕು. ಬಿಡಿ."

"ಅವನ ಕೈಗೆ ಕೊಡಬೇಡ್ರೋ," ಎಂದಳು ಅತ್ತೆ ಮೇಲಿನಿಂದ. "ಬದುಕಿದ್ದಾಗ ಹಿಡಿಯದೋನು ಈಗ ಹಿಡೀತಾನಾ? ಬೀಳಿಸ್ತಾನೆ."

ಕಪ್ತಾನ ಜಾಗ ಬಿಟ್ಟದ್ದು ಪ್ರೀತಿಯಿಂದಲ್ಲ; ಬೆರಳು ಮರಗಟ್ಟಿದ್ದವು. ಅಂಗೈ ಉಜ್ಜಿಕೊಳ್ಳುತ್ತ ಜೊತೆಯವನನ್ನೂ ಕರೆದುಕೊಂಡು ಕೆಳಗಿನ ಮೆಟ್ಟಿಲಿಗೆ ಸರಿದ.

"ಬೀಳಿಸಿದ್ರೆ ನಿನ್ನ ಇಲ್ಲೇ ಹೂತುಬಿಡ್ತೀನಿ," ಎಂದ.

ಮಗ ಮೂಲೆಯಲ್ಲಿ ಓರೆಯಾಗಿ ನಿಂತ. ಮೇಲಿನವರು ಭಾರ ಬಿಡುವ ಮುನ್ನ, ತನಗೇ ಅರಿವಿಲ್ಲದೆ, ಹೆಗಲ ಮೇಲಿಂದ ಹಿಂದೆ ನೋಡಿದ. ಕಪ್ತಾನ ಎದೆಯ ಮಟ್ಟಕ್ಕೆ ಕೈಯೆತ್ತಿ ನಿಂತಿದ್ದ. ತುಟಿಯಲ್ಲಿ ಹಳೆಯ ಲೇವಡಿಯಿತ್ತು. ಎತ್ತಿದ ಕೈಯಲ್ಲಿ ಮೂರು ಬೆರಳು.

ಪೆಟ್ಟಿಗೆ ಜಾರಿತು.

"ಮೂರು," ಎಂದ ಮಗ.

ಅಪ್ಪನ ಭಾರವೆಲ್ಲ ಅವನ ದೂರದ ಕಾಲಿಗೆ ಇಳಿಯಿತು. ಗೋಡೆಗೆ ತಾಕದೆ ಪೆಟ್ಟಿಗೆ ತಿರುಗಿತು. ಮೆಟ್ಟಿಲುದ್ದಕ್ಕೂ ಹಳೆಯ ಹುಡುಗರು ನಿಂತಿದ್ದರು. ಯಾರೂ ಭಲೆ ಅನ್ನಲಿಲ್ಲ. ಕಪ್ತಾನ ಬೆರಳು ಮಡಿಸುವುದನ್ನೂ ಮರೆತು, ಗೋಡೆಗೆ ಬೆನ್ನೊತ್ತಿ, ದಾರಿ ಬಿಟ್ಟ.